ದಿನದ ಹಾಳೆ ಹರಿಯುವ ಹಕ್ಕು

ಸೆಂಟ್ರಲ್

ಪರದೇಶ ಎಲ್ಲಿಂದ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಭೂಪಟದಲ್ಲಿ ಒಂದು ಉತ್ತರವಿದೆ; ನನ್ನ ಉತ್ತರ ಬೇರೆ. ನಾವು ಆಡಿದ ಮಾತಿಗೆ ನಮ್ಮವರೇ ಇನ್ನೊಂದು ಭಾಷೆಯಲ್ಲಿ ಉತ್ತರ ಕೊಡುವ ಸ್ಥಳವೇ ಪರದೇಶ. ಆ ಪ್ರಕಾರ ಮೈಸೂರಿನಿಂದ ಚೆನ್ನೈಗೆ ನಾನು ಕೈಗೊಂಡ ಪ್ರಯಾಣವನ್ನು ವಿದೇಶ ಪ್ರವಾಸವೆಂದೇ ಕರೆಯಬೇಕು. ಪಾಸ್‌ಪೋರ್ಟ್ ಕೇಳದೆ ಬಿಟ್ಟದ್ದು ರೈಲ್ವೆಯವರ ಔದಾರ್ಯ.

ಶಾಸನಗಳ ಕಾಲನಿರ್ಣಯ ನನ್ನ ವೃತ್ತಿಯಾಗಿತ್ತು. ಕಲ್ಲಿನ ಮೇಲಿನ ತಿಥಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು, ಆಗದಿದ್ದರೆ ಕಲ್ಲುಕುಟಿಗನನ್ನು ಸೌಜನ್ಯದಿಂದ ದೂರುವುದು: ಇದರಲ್ಲೇ ಆಯುಷ್ಯದ ಬಹುಭಾಗ ಕಳೆದು ನಿವೃತ್ತನಾಗಿದ್ದೇನೆ. ಅಭ್ಯಾಸ ಬಿಡದು. ಹೋಗುವ ದಿನವನ್ನೂ ಹಿಂದಿರುಗುವ ದಿನವನ್ನೂ ಪಂಚಾಂಗದೊಡನೆ ತಾಳೆ ನೋಡಿದ ಮೇಲೆಯೇ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತು ಎರಡೂ ಟಿಕೆಟ್ ಪಡೆದಿದ್ದೆ.

ಸೆಂಟ್ರಲ್ ನಿಲ್ದಾಣಕ್ಕೆ ಮಗಳು ವಸುಧಾ, ಅಳಿಯ ಮುಕುಂದನ್ ಬಂದಿದ್ದರು. ಅವರಿಬ್ಬರ ನಡುವೆ ನನ್ನ ಪ್ರಯಾಣದ ಕಾರಣವಾದ ಜಾನಕಿ ನಿಂತಿದ್ದಳು. ನಾಲ್ಕು ತುಂಬಲು ಇನ್ನೂ ಕೆಲವು ತಿಂಗಳಿರುವ ನನ್ನ ಮೊಮ್ಮಗಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಿದ್ದಿ ಸಿದ್ಧಪಡಿಸಿದ್ದ ವಾಕ್ಯವನ್ನು ನಾನು ಒಪ್ಪಿಸಿದೆ.

"ಜಾನು, ತಾತ ನಿನಗೆ ಏನು ತಂದಿದ್ದಾನೆ ಹೇಳು ನೋಡೋಣ?"

"ತೆರಿಯಾದು," ಎಂದಳು. ಗೊತ್ತಿಲ್ಲ ಎಂದು. ಹೇಳಿ, ತಾಯಿಯ ಸೆರಗಿನ ಹಿಂದೆ ಸರಿದಳು.

ಪ್ರಶ್ನೆ ಪೂರ್ತಿ ಅರ್ಥವಾಗಿತ್ತು ಎಂಬುದನ್ನು ಗಮನಿಸಿದೆ. ಉತ್ತರ ಮಾತ್ರ ಗಡಿಯಾಚೆಯದು.

ಪೋರೂರು, ಮೊದಲ ದಿನಗಳು

ಮಗಳ ಮನೆ ಪೋರೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿದೆ. ವಸುಧಾ ಬ್ಯಾಂಕಿನ ಉದ್ಯೋಗಿ. ಮುಕುಂದನ್ ದಿನವೂ ಪೆರುಂಗುಡಿಯ ಆಫೀಸಿಗೆ ಹೋಗಿ, ಸಂಚಾರದ ವರದಿಯೊಂದಿಗೆ ಹಿಂದಿರುಗುತ್ತಾರೆ. ಇದೇ ಮನೆಯಲ್ಲಿರುವ ಅವರ ತಾಯಿ, ನನ್ನ ಬೀಗಿತಿ ಪದ್ಮಾಸನಿಯಮ್ಮನವರು, ತ್ರಿಪ್ಲಿಕೇನಿನಲ್ಲಿ ತಲೆಮಾರುಗಳಿಂದ ನೆಲೆಸಿದ ವೈಷ್ಣವ ಮನೆತನದವರು. ತವರಿನವರು ಮೈಸೂರು ಸೀಮೆಯಿಂದ ಹೋದವರಾದ್ದರಿಂದ ಅವರಿಗೊಂದು ಕನ್ನಡವಿದೆ. ಅದರಲ್ಲಿ ಕ್ರಿಯಾಪದಗಳು ನಮ್ಮವು, ಉಳಿದದ್ದು ಕಾವೇರಿಯ ಕೆಳದಂಡೆಯದು.

ಜಾನು ಆಡಿದ ಮೊದಲ ಪದ ಯಾವುದು, ಯಾವಾಗ ಎಂದು ಸಹಜವಾಗಿಯೇ ವಿಚಾರಿಸಿದೆ. ಯುಗಾದಿಯ ಹಿಂದಿನ ದಿನ 'ಅಮ್ಮ' ಎಂದಳೆಂದು ಮಗಳು. ಅದಕ್ಕೂ ಮೊದಲು, ಪೊಂಗಲ್ ದಿನ ಬಾಲ್ಕನಿಯಲ್ಲಿ ಕಾಗೆಯನ್ನು ಕಂಡು 'ಕಾಕಾ' ಎಂದಳೆಂದು ಅಳಿಯ. ಬೀಗಿತಿಯವರು ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿ, "ಸಂಬಂಧಿ, ಇವಂಗೆ ಎನ್ನ ಗೊತ್ತು? ವೈಕುಂಠ ಏಕಾದಶಿ ಕಾಲೈಲೇ ಕೊಳಂದೆ 'ಪೆರುಮಾಳ್' ಅಂತ ಹೇಳ್ತು. ನಾನೇ ಕಿವಿಯಾರ ಕೇಳಿದೆ," ಎಂದರು. ಮೂರು ಆಕರಗಳು, ಮೂರು ಕಾಲ, ಮೂರು ದೇವತೆಗಳು. ಇಂಥ ಪರಿಸ್ಥಿತಿಯಲ್ಲಿ ಮೂಲ ಆಕರವನ್ನೇ ಕೇಳಬೇಕು. ಮೂಲ ಆಕರ ಸೋಫಾದ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು.

ಮಗುವಿನ ಶಬ್ದಸಂಪತ್ತನ್ನು ಹೆಚ್ಚಿಸಲು ನಾನು ಸಿದ್ಧನಾಗಿಯೇ ಹೋಗಿದ್ದೆ. ಸೂಟ್‌ಕೇಸಿನ ತುಂಬ ದಪ್ಪ ಕಾಗದದ ಚೀಟಿಗಳು. ಒಂದೊಂದರಲ್ಲೂ ದುಂಡಗೆ ಒಂದೊಂದು ಪದ. ಬಾಗಿಲು, ಕಿಟಕಿ, ಕುರ್ಚಿ, ಹೂಜಿ. ಮರುದಿನ ಬೆಳಗಿನ ಹೊತ್ತಿಗೆ ಮನೆಯ ಸಕಲ ವಸ್ತುಗಳಿಗೂ ಅಂಟಿಸಿ, ವಸ್ತುಸಂಗ್ರಹಾಲಯದಲ್ಲಿ ನಿಂತಂತೆ ಕೈಕಟ್ಟಿ ನಿಂತೆ.

ವಸುಧಾ ಹಲ್ಲುಜ್ಜುತ್ತಲೇ ಹೊರಬಂದು ನೋಡಿದಳು.

"ಅಪ್ಪಾ, ಅವಳಿಗೆ ಇನ್ನೂ ಅಕ್ಷರ ಬರಲ್ಲ."

ಈ ಅಂಶ ನನ್ನ ಗಮನದಿಂದ ತಪ್ಪಿತ್ತು. ದೇವರ ಕೋಣೆಯಿಂದ ಬೀಗಿತಿಯವರ ಧ್ವನಿ ಕೇಳಿಸಿತು: "ಸಂಬಂಧಿ, ಪೆರುಮಾಳ್ ಸಂಪುಟದ ಮೇಲೂ ಚೀಟಿ ಹಾಕಿದೀರಾ? ಪರವಾಯಿಲ್ಲ. ಆದರೆ ಅವರಿಗೆ ಅವರ ಪೇರು ಗೊತ್ತು."

ಜಾನುವಿಗಂತೂ ಚೀಟಿಗಳು ಬಹಳ ಇಷ್ಟವಾದವು. ಎಲ್ಲವನ್ನೂ ಕಿತ್ತು, ತನಗೆ ತೋಚಿದಲ್ಲಿ ಮರುಹಂಚಿಕೆ ಮಾಡಿದಳು. ಅವುಗಳಲ್ಲೊಂದು ನನ್ನ ಅಂಗಿಯ ಬೆನ್ನಿಗೆ ಸೇರಿದ್ದು ನನಗೆ ತಿಳಿದದ್ದು ಹಾಲಿನ ಬೂತಿನ ಮುಂದೆ. ಹಿಂದಿನಿಂದ ಯಾರೋ ಅಚ್ಚಗನ್ನಡದಲ್ಲಿ ಮಾತನಾಡಿಸಿದರು. ರೈಲ್ವೆಯಿಂದ ನಿವೃತ್ತರಾದ ಹುಬ್ಬಳ್ಳಿಯ ಕಡೆಯವರಂತೆ.

"ಭಾಳ ವರ್ಷದ ಮ್ಯಾಲೆ ಪೋರೂರಾಗ ಕನ್ನಡ ಅಕ್ಷರ ನೋಡಿದೆ ನೋಡ್ರಿ, ಖುಷಿ ಆತು. ಆದ್ರ ಸರ, ನಿಮ್ಮ ಬೆನ್ನಿಗೆ 'ಗೋಧಿ ಹಿಟ್ಟು' ಅಂತ ಯಾಕ ಬರದಾರ?"

ಶಾಲೆಯ ಜಗಲಿ

ಆ ವಾರ ಮಗುವಿನ ಶಾಲೆಗೆ ಹೋದೆವು. ಶಾಲೆಯೆಂದರೆ ಒಂದು ಬಣ್ಣದ ಗೇಟು, ಮರಳಿನ ಗುಂಡಿ, ಆಟದ ಸಾಮಾನು. ಟೀಚರ್ ಕಳಕಳಿಯುಳ್ಳ ಹೆಣ್ಣುಮಗಳು. ಜಾನು ತರಗತಿಯಲ್ಲಿ ಬಾಯಿ ಬಿಡುವುದಿಲ್ಲ; ಉಳಿದ ಮಕ್ಕಳು ವಾಕ್ಯ ಜೋಡಿಸುತ್ತಿರುವಾಗ ಇವಳು ಬೆರಳು ತೋರಿಸಿ ಕೆಲಸ ಮುಗಿಸುತ್ತಾಳೆ ಎಂದರು. ಮನೆಯಲ್ಲಿ ಮೂರು ಭಾಷೆಗಳೆಂದು ತಿಳಿದ ಮೇಲೆ, "ಸ್ವಲ್ಪ ದಿನ ಒಂದೇ ಭಾಷೆ ಇಟ್ಟು ನೋಡಬಹುದು ಮೇಡಂ," ಎಂದು ಹಿಂಜರಿಯುತ್ತಲೇ ಸೂಚಿಸಿದರು.

ಯಾವ ಒಂದು ಎಂಬುದನ್ನು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಹಿಂದಿರುಗುವಾಗ ಪೋರೂರು ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತೆವು. ವಸುಧಾಳೇ ಮಾತು ತೆಗೆದಳು.

"ನನಗೇನು ಖುಷೀನಾ ಅಪ್ಪ? ಅವಳ ಹತ್ರ ಕನ್ನಡ ಮಾತಾಡೋದು ನಾನೊಬ್ಬಳೇ. ಬೆಳಿಗ್ಗೆ ಒಂದು ಗಂಟೆ, ಸಾಯಂಕಾಲ ಒಂದು ಗಂಟೆ. ಅದಕ್ಕೂ ಅವಳು ತಮಿಳಲ್ಲೇ ಉತ್ತರ ಕೊಡ್ತಾಳೆ. ನನ್ನಿಂದ್ಲೇ ಮಗು ಹಿಂದೆ ಬೀಳ್ತಿದೆ ಅಂದ್ರೆ?"

"ಹಾಗಂತ ನಿರ್ಣಯಿಸಲು ಆಧಾರ ಸಾಲದು," ಎಂದೆ.

"ನೀವಿರೋವರೆಗೂ ನೋಡೋಣ. ನಿಮ್ಮ ರೈಲಿನ ದಿನದವರೆಗೆ. ಆಮೇಲೂ ಹೀಗೇ ಇದ್ರೆ ಕನ್ನಡ ನಿಲ್ಲಿಸ್ಬಿಡ್ತೀನಿ. ದೊಡ್ಡವಳಾದ ಮೇಲೆ ಬೇಕಿದ್ರೆ ಕಲೀತಾಳೆ."

ಎಷ್ಟೋ ರಾಜವಂಶಗಳ ಕೊನೆಯ ದಿನವನ್ನು ನಾನು ನಿರ್ವಿಕಾರವಾಗಿ ಬರೆದಿದ್ದೇನೆ. ನನ್ನ ಟಿಕೆಟ್ಟಿನ ದಿನಾಂಕವೇ ಅಂಥದೊಂದು ದಿನವಾದೀತೆಂದು ಎಣಿಸಿರಲಿಲ್ಲ.

ತ್ರಿಪ್ಲಿಕೇನ್

ಬೀಗಿತಿಯವರ ತಮ್ಮನ ಮನೆಯಲ್ಲಿ ಸೀಮಂತವಿದ್ದುದರಿಂದ ಎಲ್ಲರೂ ತ್ರಿಪ್ಲಿಕೇನಿಗೆ ಹೋಗಿ ಅಲ್ಲಿಯೇ ತಂಗಿದೆವು. ಆ ಬೀದಿಗಳಲ್ಲಿ ಲಾಡ್ಜು, ಮೆಸ್ಸು, ಹೂವಿನ ಬುಟ್ಟಿ, ಹಸು, ಸ್ಕೂಟರು ಇವೆಲ್ಲ ಒಂದೇ ಜಾಗವನ್ನು ತಮ್ಮದೆಂದು ಭಾವಿಸುತ್ತವೆ; ಆದರೂ ಯಾರೂ ಯಾರನ್ನೂ ಮುಟ್ಟದೆ ಹಾದುಹೋಗುತ್ತಾರೆ. ನಮ್ಮ ಮೈಸೂರಿನಲ್ಲಿ ಇಷ್ಟು ಅಗಲದ ಸಂದಿಯನ್ನು ನೀರಿನ ಮೀಟರ್ ಓದಲು ಮಾತ್ರ ಬಳಸುತ್ತೇವೆ. ಊಟದ ಎಲೆಯ ಮುಂದೆ ಹಿರಿಯರೊಬ್ಬರು ನನ್ನ ವೃತ್ತಿ ವಿಚಾರಿಸಿ, ತಮ್ಮ ಮನೆ ಕಟ್ಟಿದ ವರ್ಷ ಹೇಳಿದರು. ಅದಕ್ಕೆ ಪೂರಕ ಆಧಾರ ಕೇಳಿದೆ. ಅನಂತರ ಅವರು ನನಗೆ ಪಾಯಸ ಬಡಿಸುವಂತೆ ಹೇಳಲಿಲ್ಲ.

ಜಾನು ಅಲ್ಲಿಯೂ ಬೆರಳಿನಿಂದಲೇ ಮಾತನಾಡಿದಳು. ನಾನು ಕೇಳಿದ್ದಕ್ಕೆಲ್ಲ "ತೆರಿಯಾದು", ಕೊಟ್ಟದ್ದಕ್ಕೆಲ್ಲ "ವೇಂಡಾಂ". ಆನೆಯ ಚಿತ್ರ ತೋರಿಸಿ, "ಇದೇನು?" ಎಂದರೆ ನನ್ನನ್ನೇ ಮರುಕದಿಂದ ನೋಡಿದಳು. ಇಷ್ಟು ವಯಸ್ಸಾದವನಿಗೆ ಆನೆ ಗೊತ್ತಿಲ್ಲವಲ್ಲ ಎಂಬ ಭಾವ.

ಪೋರೂರು, ಗೋಡೆಯ ಮುಂದೆ

ಚೆನ್ನೈನ ಮನೆಗಳ ಬಗ್ಗೆ ಊರಿನ ಓದುಗರಿಗೆ ಒಂದು ಸಂಗತಿ ಹೇಳಲೇಬೇಕು. ನಮ್ಮಲ್ಲಿ ತಿಂಗಳಿಗೊಂದು ಹಾಳೆ ಮಗುಚುತ್ತೇವೆ. ಅಲ್ಲಿ ದಿನಕ್ಕೊಂದು ಹಾಳೆ ಹರಿಯುತ್ತಾರೆ. ದೇವರ ಚಿತ್ರದ ಕೆಳಗೆ ಇಟ್ಟಿಗೆಯಷ್ಟು ದಪ್ಪದ ಹಾಳೆಗಳ ಕಟ್ಟು. ಒಂದೊಂದರ ಮೇಲೂ ದೊಡ್ಡದಾಗಿ ತಾರೀಖು, ಸುತ್ತ ತಿಥಿ, ನಕ್ಷತ್ರ, ರಾಹುಕಾಲ, ಒಳ್ಳೆಯ ಹೊತ್ತು, ಕೆಟ್ಟ ಹೊತ್ತು. ಇಂಥ ವಸ್ತುವಿನ ಮುಂದೆ ನನ್ನಂಥವನು ಕಾಫಿ ಆರುವವರೆಗೂ ನಿಲ್ಲಬಲ್ಲ.

ತ್ರಿಪ್ಲಿಕೇನಿನಿಂದ ಹಿಂದಿರುಗಿದ ಮರುದಿನ ಬೆಳಿಗ್ಗೆ ನೋಡುತ್ತೇನೆ, ಗೋಡೆಯ ತಾರೀಖು ಹಿಂದುಳಿದಿದೆ. ನಾವು ಮನೆಯಲ್ಲಿಲ್ಲದ ದಿನಗಳ ಹಾಳೆಗಳು ಹಾಗೆಯೇ ಇದ್ದವು. ತಪ್ಪು ತಾರೀಖೊಂದು ಕಣ್ಣೆದುರಿಗೇ ಇರುವಾಗ ಸುಮ್ಮನಿರುವ ಶಿಕ್ಷಣ ನನಗಾಗಿಲ್ಲ. ಹಳೆಯ ಹಾಳೆಗಳನ್ನೆಲ್ಲ ಒಟ್ಟಿಗೆ ಹಿಡಿದು, ಪರ್ರೆಂದು ಹರಿದು, ಕಾಲವನ್ನು ಸರಿಪಡಿಸಿದೆ.

ಹಿಂದಿನಿಂದ ಒಂದು ಚೀತ್ಕಾರ. ತಿರುಗಿದರೆ ಜಾನು, ಕೆದರಿದ ಕೂದಲು, ಮುಷ್ಟಿ ಬಿಗಿದ ಕೈ.

"ಯಾಕೆ ಹರಿದೆ? ಅದು ನಂದು! ನಾನು ಹರೀಬೇಕು! ದಿನಾ ನಾನೇ ಹರಿಯೋದು! ಎಲ್ಲಾ ಒಟ್ಟಿಗೆ ಹರೀಬಾರದು, ಒಂದೊಂದೇ ಹರೀಬೇಕು! ನಿಂಗೇನೂ ಗೊತ್ತಿಲ್ಲ! ನೀನು ಕೆಟ್ಟ ತಾತ!"

ಬೀಗಿತಿಯವರು ಸೌಟು ಹಿಡಿದೇ ಬಂದರು. ಮುಕುಂದನ್ ಅರ್ಧ ಶೇವಿಂಗ್ ಮುಗಿದ ಮುಖದಲ್ಲಿ ಬಂದರು. ವಸುಧಾ ಬಂದು ಬಾಗಿಲಿಗೆ ಒರಗಿ ನಿಂತಳು. ನನ್ನನ್ನು ಬೈಯಲಾಗುತ್ತಿತ್ತು, ಆದರೆ ಕನ್ನಡದಲ್ಲಿ, ಪೂರ್ಣ ವಾಕ್ಯಗಳಲ್ಲಿ, ವಿಧಿ ನಿಷೇಧಗಳ ಸಹಿತ.

"ಇದೆಲ್ಲ ಎಲ್ಲಿತ್ತೇ?" ಎಂದಳು ಮಗಳು, ಯಾರಿಗೆಂದಲ್ಲದೆ.

ಆ ಮನೆಯಲ್ಲಿ ಬೆಳಿಗ್ಗೆ ಎದ್ದೊಡನೆ, ನಾನು ಹಾಲಿನ ಬೂತಿನಲ್ಲಿರುವ ಹೊತ್ತಿಗೆ, ಹಾಳೆ ಹರಿಯುವುದು ಜಾನುವಿನ ಅಧಿಕಾರವಂತೆ. ತಾಯಿ ಎತ್ತಿಕೊಂಡು ಹರಿಸುತ್ತಾಳೆ, ಅದೂ ಕನ್ನಡದಲ್ಲಿ: ಹರಿ, ಮೆಲ್ಲಗೆ, ಒಂದೇ, ಈಗ ಮಡಚು. ದಿನಕ್ಕೆ ಎರಡು ಗಂಟೆ ಆಡಿದ ಮಾತು ಎಲ್ಲಿ ಹೋಗುತ್ತಿದೆಯೆಂದು ಚಿಂತಿಸುತ್ತಿದ್ದೆವಲ್ಲ, ಅದು ಎಲ್ಲಿಯೂ ಹೋಗಿರಲಿಲ್ಲ. ಒಳಗೇ ಕೂತು ತನಗೆ ತಕ್ಕ ಕೆಲಸ ಬರಲೆಂದು ಕಾಯುತ್ತಿತ್ತು. 'ಇದೇನು' ಎಂದು ಕೇಳಿದರೆ ಅದೇಕೆ ಹೊರಗೆ ಬಂದೀತು? ಅನ್ಯಾಯ ನಡೆದರೆ ಬರುತ್ತದೆ.

ತಪ್ಪಿಗೆ ಪ್ರಾಯಶ್ಚಿತ್ತವಾಗಿ ಹರಿದ ಹಾಳೆಗಳನ್ನು ಗೋಂದು ಹಚ್ಚಿ ಸ್ವಸ್ಥಾನದಲ್ಲಿ ಅಂಟಿಸಿದೆ. ಕಾಲವನ್ನು ಕೈಯಾರೆ ಹಿಂದಕ್ಕೆ ಸರಿಸಿದ್ದು ಅದೇ ಮೊದಲು. ಜಾನು ಒಂದೊಂದನ್ನೇ ಹರಿದು ಇಂದಿಗೆ ಬಂದು ಸೇರಿದಳು. ಅನಂತರ ಕಟ್ಟಿನ ದಪ್ಪವನ್ನು ಬೆರಳಿನಿಂದ ಒತ್ತಿ ನೋಡಿ ಕೇಳಿದಳು:

"ತಾತಾ, ನೀನು ಇನ್ನೂ ಎಷ್ಟು ಹಾಳೆ ಇರ್ತೀಯಾ?"

ಟಿಕೆಟ್ ತೆಗೆದು, ಹಾಳೆಗಳನ್ನು ಎತ್ತಿ ಆ ದಿನವನ್ನು ಹುಡುಕಿ, ಅದರ ಮೇಲೆ ಒಂದು ರೈಲಿನ ಚಿತ್ರ ಬರೆದೆ. "ಈ ಹಾಳೆ ಬಂದ ದಿನ ಹೊರಡುತ್ತೇನೆ," ಎಂದೆ. ಅವಳು ರೈಲಿಗೆ ಇನ್ನಷ್ಟು ಹೊಗೆ ಸೇರಿಸಿದಳು.

ಪೋರೂರು, ಅಸತ್ಯದ ದಿನಗಳು

ಅಂದಿನಿಂದ ನಾನು ಬುದ್ಧಿಪೂರ್ವಕವಾಗಿ ತಪ್ಪು ಮಾಡತೊಡಗಿದೆ. ಇದು ಹೇಳಿದಷ್ಟು ಸುಲಭವಲ್ಲ. ಆಯುಷ್ಯವಿಡೀ ಇತರರ ತಪ್ಪನ್ನು ತಿದ್ದಿದವನ ನಾಲಗೆ ಸುಳ್ಳಿನ ಮುಂದೆ ಕುದುರೆಯಂತೆ ಮುಗ್ಗರಿಸುತ್ತದೆ. ಕರಿಬೇವನ್ನು ಹಿಡಿದು "ಕೊತ್ತಂಬರಿ ಎಷ್ಟು ಘಮಘಮ!" ಎಂದೆ. ಕೊಡೆಯನ್ನು ತಲೆಕೆಳಗಾಗಿ ಹಿಡಿದೆ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ತುರುಕಿ ಕೆರೆಯವರೆಗೂ ನಡೆದು, ಅಲ್ಲಿ "ಆಹಾ, ಸಮುದ್ರ!" ಎಂದು ಉದ್ಗರಿಸಿದೆ.

"ಸಮುದ್ರ ಅಲ್ಲ ತಾತ! ಕೆರೆ! ಸಮುದ್ರಕ್ಕೆ ಅಲೆ ಇರತ್ತೆ. ಇದಕ್ಕೆ ಬರೀ ಬಾತುಕೋಳಿ!"

ದಿನದ ಮೊದಲ ತಪ್ಪು ಮಾತ್ರ ಯಾವಾಗಲೂ ಗೋಡೆಯ ಮುಂದೆ. ಅವಳು ಹಾಳೆ ಹರಿದೊಡನೆ ನಾನು ಮರುದಿನದ ವಾರವನ್ನು ಘೋಷಿಸುತ್ತಿದ್ದೆ. ಬುಧವಾರ "ಇವತ್ತು ಗುರುವಾರ" ಎನ್ನುವುದು, ಅವಳು ಸೊಂಟದ ಮೇಲೆ ಕೈಯಿಟ್ಟು, "ಗುರುವಾರ ನಾಳೆ! ಇವತ್ತು ಬುಧವಾರ! ನಿಂಗೆ ಯಾರು ಹೇಳಿಕೊಟ್ಟಿದ್ದು?" ಎನ್ನುವುದು. ಕಳೆದದ್ದಕ್ಕೆಲ್ಲ 'ನೇತ್ತು' ಎಂಬ ಒಂದೇ ಪದವಿದ್ದ ಮಗುವಿಗೆ ನಿನ್ನೆ, ಮೊನ್ನೆ, ನಾಡಿದ್ದು, ಎಲ್ಲ ಹಾಳೆಗಳ ಜೊತೆಗೇ ಬಂದವು. ಹಾಳೆಯಿಂದ ದೋಣಿ ಮಾಡುವಾಗ ಮಡಚು, ಮಗುಚು, ಮುದುರು, ಸವರು ಬಂದವು. ಸೂಟ್‌ಕೇಸಿನ ಚೀಟಿಗಳಲ್ಲಿ ಇವೊಂದೂ ಇರಲಿಲ್ಲ. ನಾನು ಬರೆದು ತಂದದ್ದು ಬರಿಯ ವಸ್ತುಗಳ ಹೆಸರು.

ಬೀಗಿತಿಯವರಿಗೆ ಆತಂಕವಾಯಿತು. ವಸುಧಾಳನ್ನು ಅಡುಗೆಮನೆಗೆ ಕರೆದು, "ಉಂಗ ಅಪ್ಪಾಗೆ ಏನಾಯ್ತು ಮ್ಮಾ? ನೇತ್ತು ಸಾಂಬಾರ್‌ನ ಪಾಯಸ ಅಂದ್ರು. ಡಾಕ್ಟರ್ ಹತ್ರ ತೋರಿಸೋದು ನಲ್ಲದು," ಎಂದದ್ದು ನನಗೂ ಕೇಳಿಸಿತು.

ಅಜ್ಜ ಅಜ್ಜಿಯರು ಬಂದು ಮಕ್ಕಳೊಡನೆ ಕೆಲಹೊತ್ತು ಕಳೆಯುವ ಪದ್ಧತಿ ಶಾಲೆಯಲ್ಲಿತ್ತು. ನನ್ನ ಸರದಿ ಬಂದಾಗ ತರಗತಿಯ ನಡುವೆ ಕುಳಿತು, ಕಾಲುಚೀಲವನ್ನು ಎರಡೂ ಕೈಗೆ ಹಾಕಿಕೊಂಡು, "ಚಳಿಗೆ ಒಳ್ಳೆಯ ಟೋಪಿ," ಎಂದೆ. ಚೆನ್ನೈನ ಮಕ್ಕಳಿಗೆ ಕನ್ನಡವೂ ಗೊತ್ತಿಲ್ಲ, ಚಳಿಯೂ ಗೊತ್ತಿಲ್ಲ, ಪಿಳಿಪಿಳಿ ನೋಡಿದವು. ಜಾನು ಎದ್ದಳು. ನನಗೆ ಕನ್ನಡದಲ್ಲಿ ಗದರಿದಳು, ಗೆಳೆಯರ ಕಡೆ ತಿರುಗಿ ತಮಿಳಿನಲ್ಲಿ ವಿವರಿಸಿದಳು: ನಮ್ಮ ತಾತನಿಗೆ ಒಂದೂ ತಿಳಿಯದು, ನಾನೇ ಎಲ್ಲ ಹೇಳಿಕೊಡಬೇಕು. ಕೊನೆಗೆ ಟೀಚರಿಗೆ, "ಮಿಸ್, ಹಿ ಈಸ್ ಓನ್ಲೀ ಲರ್ನಿಂಗ್," ಎಂದು ನನ್ನ ಪರವಾಗಿ ಕ್ಷಮೆಯನ್ನೂ ಕೋರಿದಳು.

"ಇವ ಇವ್ವಳವು ಪೇಸುವಾಳಾ?" ಎಂದರು ಟೀಚರ್. ಇವಳು ಇಷ್ಟು ಮಾತನಾಡುತ್ತಾಳೆಯೇ ಎಂದು.

ಸಂಜೆ ಈ ಸುದ್ದಿಯನ್ನು ಸಾಧ್ಯವಾದಷ್ಟು ತಟಸ್ಥವಾಗಿ ವಸುಧಾಳಿಗೆ ವರದಿ ಮಾಡಿದೆ. ಅವಳು ನಕ್ಕಳು, ಆದರೆ ಏನನ್ನೂ ಒಪ್ಪಿಕೊಳ್ಳಲಿಲ್ಲ. "ನೀವು ಹೊರಟ ಮೇಲೆ ತಪ್ಪು ಮಾಡೋರು ಯಾರು ಅಪ್ಪ? ನನಗೆ ಅಷ್ಟು ಪುರಸೊತ್ತು ಎಲ್ಲಿದೆ?" ಎಂದಳು.

ಮತ್ತೆ ಸೆಂಟ್ರಲ್

ಹೊರಡುವ ದಿನ ಬಂತು. ಬೆಳಿಗ್ಗೆ ಜಾನು ಹಾಳೆ ಹರಿಯುವ ಹೊತ್ತಿಗೆ ನಾನು ಸೂಟ್‌ಕೇಸಿನ ಮೇಲೆ ಮೊಣಕಾಲೂರಿ ಜಿಪ್ ಎಳೆಯುತ್ತಿದ್ದೆ. "ಇವತ್ತು ತಾತನ ರೈಲು," ಎಂದೆ, ಈ ಸಲ ಮನಸ್ಸು ಭಾರವಾಗಿ.

"ಇವತ್ತಲ್ಲ ತಾತ," ಎಂದಳು. "ರೈಲಿನ ಹಾಳೆ ಇನ್ನೂ ಬಂದಿಲ್ಲ. ನಾಳೆ."

ಎಲ್ಲರೂ ನಕ್ಕೆವು. "ಕಳ್ಳಿ, ತಾತನ ಆಟ ತಾತನಿಗೇ ತಿರುಗಿಸ್ತಿದಾಳೆ," ಎಂದಳು ವಸುಧಾ. "ಪಾವಂ, ಕಳಿಸಲು ಮನಸ್ಸಿಲ್ಲ ಕೊಳಂದೆಗೆ," ಎಂದು ಬೀಗಿತಿಯವರು ಕಣ್ಣೊರೆಸಿಕೊಂಡರು. ಅಳಿಯನಿಗೂ ಮಗಳಿಗೂ ರಜೆಯ ದಿನ. ಶನಿವಾರವೋ ಭಾನುವಾರವೋ ಎಂದು ಯೋಚಿಸುವ ಕಾರಣ ಅವರಿಗಿರಲಿಲ್ಲ. ದಿನಾಂಕದ ವಿಷಯದಲ್ಲಿ ನನ್ನ ಮಾತನ್ನು ಪರೀಕ್ಷಿಸುವ ಪದ್ಧತಿಯೂ ಆ ಮನೆಯಲ್ಲಿ ಇರಲಿಲ್ಲ.

ಪೂನಮಲ್ಲಿ ಹೈರೋಡಿನುದ್ದಕ್ಕೂ ಕಾರಿನಲ್ಲಿ ಜಾನು ತನ್ನಷ್ಟಕ್ಕೆ ಕಿಲಕಿಲ ನಗುತ್ತಿದ್ದಳು. ಪ್ರತಿ ಸಿಗ್ನಲಿನಲ್ಲೂ ನನ್ನ ಮುಖ ನೋಡಿ, ಗುಟ್ಟು ಹಂಚಿಕೊಂಡವಳಂತೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅಗಲುವ ದುಃಖ ಮಕ್ಕಳಲ್ಲಿ ಹೀಗೆಲ್ಲ ವ್ಯಕ್ತವಾಗುವುದುಂಟು ಎಂದುಕೊಂಡೆ.

ರೈಲಿನಲ್ಲಿ ನನ್ನ ಸೀಟಿನ ಮೇಲೆ ಸ್ಥೂಲಕಾಯದ ಸಜ್ಜನರೊಬ್ಬರು ಕುಳಿತು ಆಗಲೇ ಪುಳಿಯೋಗರೆಯ ಪೊಟ್ಟಣ ಬಿಚ್ಚಿದ್ದರು. ಇದು ನನ್ನ ಸೀಟೆಂದು ತಿಳಿಸಿದೆ. ಅವರು ಟಿಕೆಟ್ ತೋರಿಸಿದರು, ಸಂಖ್ಯೆ ಅದೇ. "ಸಂಖ್ಯೆ ಸರಿಯಿರಬಹುದು ಸ್ವಾಮಿ," ಎಂದೆ ಸೌಜನ್ಯದಿಂದಲೇ, "ದಿನಾಂಕವನ್ನೂ ತಾಳೆ ನೋಡುವುದು ಪ್ರಯಾಣಿಕನ ಮೊದಲ ಕರ್ತವ್ಯ."

ಅವರು ಕೈ ಒರೆಸಿಕೊಂಡು, ತಮ್ಮ ಟಿಕೆಟ್ ನೋಡಿ, ನನ್ನದನ್ನೂ ಕೇಳಿ ಪಡೆದು ನೋಡಿದರು.

"ಸಾರ್," ಎಂದರು, ನೋವಾಗದಂತೆ, "ನಿಮ್ದು ನಾಳೈಕ್ಕು ಸಾರ್."

ಪುಳಿಯೋಗರೆ ಬೇಕೇ ಎಂದೂ ಕೇಳಿದರು.

ದಿನವೂ ಮರುದಿನದ ಹೆಸರು ಹೇಳುತ್ತ ಹೇಳುತ್ತ, ಗೋಡೆಯ ಹಾಳೆಯನ್ನು ಅವಳ ಪಾಲಿಗೆ ಬಿಟ್ಟು, ನನ್ನ ಸುಳ್ಳನ್ನು ನಾನೇ ನಂಬಿದ್ದೆ. ಕೆಳಗಿಳಿದು ಬಂದಾಗ ಪ್ಲಾಟ್‌ಫಾರಮ್ಮಿನಲ್ಲಿ ಜಾನು ಕುಣಿಯುತ್ತಿದ್ದಳು. "ನಂಗೆ ಗೊತ್ತಿತ್ತು! ತಾತ ಬೇಕಂತ್ಲೇ ಮಾಡಿದ್ದು! ಎಲ್ಲಾರ್ನೂ ಕಾರಲ್ಲಿ ಕರಕೊಂಡು ಬಂದು ತಪ್ಪು ಮಾಡಿದಾನೆ! ಎಷ್ಟೂ ದೊಡ್ಡ ತಪ್ಪು!" ನನ್ನ ಪ್ರಕಟಿತ ಕೃತಿಗಳಾವುದಕ್ಕೂ ಇಂಥ ವಿಮರ್ಶೆ ದೊರೆತಿಲ್ಲ.

ವಸುಧಾ ನನ್ನ ಮುಖವನ್ನೇ ನೋಡಿದಳು. ಅವಳಿಗೆ ತಿಳಿಯಿತು. ನಾನು ಸೂಟ್‌ಕೇಸಿನ ಹಿಡಿಯನ್ನು ಪರೀಕ್ಷಿಸುತ್ತ ನಿಂತೆ.

"ಅವಳು ಬೆಳಿಗ್ಗೇನೇ ಹೇಳಿದ್ಲು," ಎಂದಳು ಮಗಳು ನಿಧಾನವಾಗಿ. "ಯಾಕೆ ಅಲ್ಲ ಅಂತ ಕಾರಣಾನೂ ಕೊಟ್ಟಳು. ನಾವ್ಯಾರೂ ಕೇಳಿಸ್ಕೊಳ್ಳಲಿಲ್ಲ." ಬಗ್ಗಿ ಮಗುವನ್ನು ಎತ್ತಿಕೊಂಡಳು. "ನಿಮ್ಮ ರೈಲಿನ ದಿನದವರೆಗೆ ಅಂದಿದ್ದೆನಲ್ಲ ಅಪ್ಪ. ಆ ಗಡುವು ಬೇಡ. ಇಂಥ ದಿನಕ್ಕೆ ನಿಲ್ಲಿಸ್ತೀನಿ ಅಂತ ತಾರೀಖು ಇಡೋ ಕೆಲಸ ಇನ್ನು ನಾನೂ ಮಾಡಲ್ಲ, ನೀವಂತೂ ಮಾಡಲೇಬೇಡಿ."

ಮರುದಿನ ಬೆಳಿಗ್ಗೆ ಗೋಡೆಯ ಮುಂದೆ ತಾಯಿ ಮಗುವನ್ನು ಎತ್ತಿ ಹಿಡಿದಿದ್ದಳು. ಹಿಂದಿನ ಹಾಳೆ ಹರಿಯಿತು. ಕೆಳಗೆ ಹೊಗೆಯುಗುಳುವ ರೈಲು ಕಾಣಿಸಿತು. ಈ ಬಾರಿ ನಾನು ಎರಡು ಸಲ ನೋಡಿ, ಟಿಕೆಟ್ಟಿನೊಡನೆ ತಾಳೆ ಮಾಡಿ, ದೃಢವಾಗಿ ಹೇಳಿದೆ:

"ಇವತ್ತು ಭಾನುವಾರ."

ಜಾನು ನಗಲಿಲ್ಲ. ರೈಲಿನ ಹೊಗೆಯ ಮೇಲೆ ಬೆರಳಾಡಿಸಿದಳು.

"ಸರಿಯಾಗಿ ಹೇಳಬೇಡ ತಾತ. ಸರಿಯಾಗಿ ಹೇಳಿದ್ರೆ ಹೋಗ್ಬಿಡ್ತೀಯ."

"ಹಾಗಾದರೆ ಶನಿವಾರ," ಎಂದೆ.

ಅವಳು ತಿದ್ದಲಿಲ್ಲ.